ಹಾಯಿದೋಣಿಯ ಚಿತ್ರವನ್ನು ಎಡಬಲ ತಿರುಗಿಸಿ ಅಚ್ಚು ಹಾಕಬೇಡಿ

ಮಾನ್ಯ ಸಂಪಾದಕರಿಗೆ,

ವಿನಯಪೂರ್ವಕ ನಮಸ್ಕಾರಗಳು.

ಕಳೆದ ವಾರ ತಮ್ಮ ಪತ್ರಿಕೆಯ ಕ್ರೀಡಾಪುಟದಲ್ಲಿ ಇಂಗ್ಲೆಂಡಿನ ಕೌಸ್ ಪಟ್ಟಣದ ಮುಂದೆ ನಡೆದ ಹಾಯಿದೋಣಿ ಸ್ಪರ್ಧೆಯ ಚಿತ್ರವೊಂದು ನಾಲ್ಕು ಕಾಲಂ ಅಗಲಕ್ಕೆ ಅಚ್ಚಾಗಿತ್ತು. ಅದರ ಕೆಳಗೆ ‘ಬೇಸಿಗೆಯ ಸೊಬಗು: ಇಂಗ್ಲೆಂಡಿನ ಕಡಲಿನಲ್ಲಿ ವಿಹಾರ ನೌಕೆಗಳು’ ಎಂಬ ಒಂದೇ ಸಾಲು ಇತ್ತು. ಕನ್ನಡದ ಪತ್ರಿಕೆಯೊಂದು ಈ ಆಟಕ್ಕೆ ಅಷ್ಟು ಜಾಗ ಕೊಟ್ಟದ್ದನ್ನು ಕಂಡು ನನಗೆ ಮೊದಲು ಸಂತೋಷವೇ ಆಯಿತು. ಎರಡನೆಯ ಸಲ ನೋಡಿದಾಗ ಏನೋ ಸರಿಯಿಲ್ಲ ಅನ್ನಿಸಿತು. ಮೂರನೆಯ ಸಲ, ಮುಂದಿನ ದೋಣಿಯ ಮೂತಿಗೆ ಅಂಟಿಸಿದ್ದ ಸಣ್ಣ ಸಂಖ್ಯೆಯನ್ನು ಗಮನಿಸಿದೆ. ಅಲ್ಲಿದ್ದ 3 ಕನ್ನಡಿಯಲ್ಲಿ ಕಂಡಂತೆ ಹಿಂದುಮುಂದಾಗಿತ್ತು. ಚಿತ್ರವನ್ನು ಎಡಬಲ ತಿರುಗಿಸಿ ಅಚ್ಚು ಹಾಕಲಾಗಿತ್ತು.

ಇದು ನನ್ನ ಊಹೆಯಲ್ಲ. ಆ ಮಧ್ಯಾಹ್ನ ಅದೇ ನೀರಿನಲ್ಲಿ, ಆ ಛಾಯಾಗ್ರಾಹಕರ ದೋಣಿಯಿಂದ ಸುಮಾರು ನೂರು ಮೀಟರ್ ದೂರದಲ್ಲಿ, ಇನ್ನೊಂದು ರಬ್ಬರ್ ದೋಣಿಯಲ್ಲಿ ನಾನೂ ಕ್ಯಾಮೆರಾ ಹಿಡಿದು ನಿಂತಿದ್ದೆ. ಚಿತ್ರದಲ್ಲಿದ್ದ ಎರಡು ಹಾಯಿದೋಣಿಗಳು ಒಂದನ್ನೊಂದು ದಾಟಿದ ಕ್ಷಣ ನನ್ನ ಮೆಮೊರಿ ಕಾರ್ಡಿನಲ್ಲೂ ಇದೆ. ಕುಂದಾಪುರದಲ್ಲಿ ಹುಟ್ಟಿ ಬೆಳೆದು, ಉದ್ಯೋಗಕ್ಕಾಗಿ ಸೌತಾಂಪ್ಟನ್ ಸೇರಿದ ನಾನು ಬೇಸಿಗೆಯ ಬಹುತೇಕ ಶನಿವಾರ, ಭಾನುವಾರಗಳನ್ನು ಹಾಯಿದೋಣಿ ಸ್ಪರ್ಧೆಗಳ ಚಿತ್ರ ತೆಗೆಯುವುದರಲ್ಲಿ ಕಳೆಯುತ್ತೇನೆ. ಆ ಅನುಭವದ ಆಧಾರದ ಮೇಲೆ, ಈ ತಪ್ಪು ಏಕೆ ಸಣ್ಣದಲ್ಲ ಎಂಬುದನ್ನು ತಮ್ಮ ಗಮನಕ್ಕೂ ಓದುಗರ ಗಮನಕ್ಕೂ ತರಬೇಕೆಂದು ಈ ಪತ್ರ ಬರೆಯುತ್ತಿದ್ದೇನೆ.

ರಾಹುಲ್ ದ್ರಾವಿಡ್ ಅವರ ಚಿತ್ರವನ್ನು ತಿರುಗಿಸಿ, ಅವರನ್ನು ಎಡಗೈ ಬ್ಯಾಟರ್ ಮಾಡಿ ಅಚ್ಚು ಹಾಕಿದರೆ ಮರುದಿನ ಬೆಳಿಗ್ಗೆ ತಮ್ಮ ಕಚೇರಿಯ ಫೋನ್ ಬಿಡುವಿಲ್ಲದೆ ಬಾರಿಸುತ್ತದೆ. ನಮ್ಮ ಜನರಿಗೆ ಕ್ರಿಕೆಟ್ಟಿನಲ್ಲಿ ಎಡಬಲ ಗೊತ್ತು. ಹಾಯಿದೋಣಿ ಸ್ಪರ್ಧೆಯಲ್ಲಿ ಎಡಬಲಕ್ಕೆ ಅದಕ್ಕಿಂತಲೂ ಹೆಚ್ಚಿನ ತೂಕವಿದೆ, ಏಕೆಂದರೆ ದಾರಿಯ ಹಕ್ಕು ಯಾರದು ಎಂಬುದನ್ನು ಅಲ್ಲಿ ನಿರ್ಣಯಿಸುವುದೇ ಗಾಳಿ ದೋಣಿಯ ಯಾವ ಬದಿಯಿಂದ ಬೀಸುತ್ತಿದೆ ಎಂಬ ಸಂಗತಿ. ಬಲಬದಿಯಿಂದ ಗಾಳಿ ಪಡೆದು ಸಾಗುತ್ತಿರುವ ದೋಣಿ ಸ್ಟಾರ್‌ಬೋರ್ಡ್ ಮಗ್ಗುಲಿನಲ್ಲಿದೆ ಎನ್ನುತ್ತಾರೆ. ಎಡಬದಿಯಿಂದ ಗಾಳಿ ಪಡೆಯುತ್ತಿರುವುದು ಪೋರ್ಟ್ ಮಗ್ಗುಲಿನದು. ಇವೆರಡು ಎದುರಾದಾಗ ಪೋರ್ಟ್ ಮಗ್ಗುಲಿನ ದೋಣಿ ದಾರಿ ಬಿಡಬೇಕು. ಸ್ಪರ್ಧೆಯ ಅಂತರರಾಷ್ಟ್ರೀಯ ನಿಯಮಾವಳಿಯ 10ನೆಯ ನಿಯಮ ಇದು. ಹಾಯಿ ಹಿಡಿಯಲು ಕಲಿಯುವ ಎಂಟು ವರ್ಷದ ಮಗುವಿಗೂ ಮೊದಲ ವಾರವೇ ಇದನ್ನು ಹೇಳಿಕೊಡುತ್ತಾರೆ.

ತಾವು ಪ್ರಕಟಿಸಿದ ಚಿತ್ರದಲ್ಲಿ ಇದ್ದದ್ದು ಸರಿಯಾಗಿ ಈ ನಿಯಮದ ಕ್ಷಣವೇ. ಅಂದು ಪಡುವಣ ಗಾಳಿ ಬೀಸುತ್ತಿತ್ತು. ದಡದ ಕಡೆಗೆ ಬರುತ್ತಿದ್ದ ದೋಣಿ ಸ್ಟಾರ್‌ಬೋರ್ಡ್ ಮಗ್ಗುಲಿನಲ್ಲಿತ್ತು; ದಡದಿಂದ ಹೊರಗೆ ಬರುತ್ತಿದ್ದ, ಮೂತಿಯ ಮೇಲೆ 3 ಎಂದು ಬರೆದಿದ್ದ ದೋಣಿ ಪೋರ್ಟ್ ಮಗ್ಗುಲಿನಲ್ಲಿತ್ತು. ಎರಡರ ನಡುವೆ ಒಂದು ದೋಣಿಯುದ್ದದಷ್ಟೂ ಅಂತರ ಉಳಿಯದಿದ್ದಾಗ, 3ನೆಯ ಸಂಖ್ಯೆಯ ದೋಣಿಯ ಚುಕ್ಕಾಣಿ ಹಿಡಿದಿದ್ದ ಮಹಿಳೆ ಹಾಯಿಯ ಹಗ್ಗವನ್ನು ಸಡಿಲಿಸುವಂತೆ ಕೂಗಿ ಹೇಳಿ, ಮೂತಿಯನ್ನು ಗಾಳಿಯಿಂದ ಹೊರಳಿಸಿ, ಎದುರಿನ ದೋಣಿಯ ಹಿಂಬದಿಯನ್ನು ಇನ್ನೇನು ತಾಕುತ್ತದೆ ಎಂಬಷ್ಟು ಹತ್ತಿರದಿಂದ ಸುತ್ತಿ ಹೋದರು. ಅದು ಬಹಳ ಅಚ್ಚುಕಟ್ಟಾದ ನಡೆ. ದಾರಿ ಬಿಟ್ಟದ್ದರಿಂದ ಅವರು ಕಳೆದುಕೊಂಡದ್ದು ಎರಡು ಸೆಕೆಂಡುಗಳಿಗಿಂತ ಹೆಚ್ಚಿರಲಿಕ್ಕಿಲ್ಲ. ಚಿತ್ರ ತಿರುಗಿದ ಮೇಲೆ ಗಾಳಿಯ ಬದಿಯೂ ತಿರುಗಿತು. ನಿಯಮ ಬಲ್ಲವರು ಆ ಪುಟವನ್ನು ನೋಡಿದರೆ, ಹಕ್ಕಿನಿಂದ ಸಾಗುತ್ತಿದ್ದ ದೋಣಿ ನಿಯಮ ಮುರಿದು ನುಗ್ಗಿದಂತೆಯೂ, ಶಿಸ್ತಿನಿಂದ ದಾರಿ ಬಿಟ್ಟ ದೋಣಿ ತನ್ನದೇ ಹಕ್ಕನ್ನು ಅರಿಯದೆ ಬೆದರಿ ಸರಿದಂತೆಯೂ ಕಾಣುತ್ತದೆ. ನಡೆದದ್ದಕ್ಕೆ ತದ್ವಿರುದ್ಧವಾದ ಸಂಗತಿ ಪತ್ರಿಕೆಯಲ್ಲಿ ದಾಖಲಾಯಿತು.

ಪುಟ ವಿನ್ಯಾಸ ಮಾಡುವವರು ಹೀಗೆ ಮಾಡಿದ್ದು ಏಕೆಂಬುದು ನನಗೆ ಅರ್ಥವಾಗುತ್ತದೆ. ಚಿತ್ರದಲ್ಲಿರುವ ವಸ್ತು ಪುಟದ ಒಳಗಡೆಗೆ ಮುಖ ಮಾಡಿರಬೇಕು, ಹೊರಗೆ ಓಡಿಹೋಗುವಂತೆ ಕಾಣಬಾರದು ಎಂಬುದು ವಿನ್ಯಾಸದ ಹಳೆಯ ರೂಢಿ. ಕೌಸ್‌ನ ಕೋಟೆಯ ಮುಂದೆ ನೀರಿನಿಂದ ದಡದ ಕಡೆ, ಅಂದರೆ ದಕ್ಷಿಣಕ್ಕೆ ನೋಡುತ್ತ ತೆಗೆದ ಚಿತ್ರದಲ್ಲಿ ಪಡುವಣ ದಿಕ್ಕು ಬಲಗಡೆ ಬರುತ್ತದೆ. ಗಾಳಿಗೆ ಎದುರಾಗಿ ಪಡುವಣಕ್ಕೆ ಏರುತ್ತಿದ್ದ ದೋಣಿಗಳು ಹಾಗಾಗಿ ಚಿತ್ರದ ಬಲಕ್ಕೇ ಸಾಗುತ್ತಿದ್ದವು. ತಮ್ಮ ಪುಟದಲ್ಲಿ ಚಿತ್ರಕ್ಕೆ ಸಿಕ್ಕಿದ್ದು ಬಲ ಅಂಚು. ತಿರುಗಿಸಿದಾಗ ದೋಣಿಗಳೇನೋ ಪುಟದ ಒಳಕ್ಕೆ ಬಂದವು, ಆದರೆ ಕೋಟೆಯ ಎಡಕ್ಕೆ ಇರಬೇಕಾಗಿದ್ದ ಪಟ್ಟಣ ಮತ್ತು ಬಂದರಿನ ಬಾಯಿ ಬಲಕ್ಕೆ ಹೋದವು. ಹೈದರಾಬಾದಿನ ಹುಸೇನ್ ಸಾಗರದಲ್ಲಿ ನಡೆಯುವ ಸ್ಪರ್ಧೆಯ ಚಿತ್ರವನ್ನು ಹೀಗೆ ತಿರುಗಿಸಿದರೆ ನೀರಿನ ನಡುವಿನ ಬುದ್ಧ ಎಡಗೈ ಎತ್ತಿ ಅಭಯ ಕೊಡುತ್ತಾನೆ. ಅಲ್ಲಿ ಓದುಗರು ತಕ್ಷಣ ಕಂಡುಹಿಡಿಯುತ್ತಾರೆ. ಕೌಸ್‌ನ ಕೋಟೆ ಕನ್ನಡದ ಓದುಗರಿಗೆ ಪರಿಚಿತವಲ್ಲ ಎಂಬ ಕಾರಣಕ್ಕೆ ಅದರ ಎಡಬಲಕ್ಕೆ ಬೆಲೆ ಕಡಿಮೆಯಾಗುವುದಿಲ್ಲ.

ಇನ್ನೊಂದು ನಷ್ಟವೂ ಜೊತೆಗೇ ಆಗಿದೆ. ಚಿತ್ರವನ್ನು ಅಡ್ಡಗಲದ ಜಾಗಕ್ಕೆ ಹೊಂದಿಸಲು ಮೇಲಿನ ಭಾಗವನ್ನು ಕತ್ತರಿಸಲಾಗಿದೆ. ದೋಣಿಯ ಗುರುತಿನ ಸಂಖ್ಯೆ ಇರುವುದೇ ದೊಡ್ಡ ಹಾಯಿಯ ಮೇಲ್ಭಾಗದಲ್ಲಿ. ಬ್ರಿಟನ್ನಿನ ದೋಣಿಗೆ ಜಿಬಿಆರ್, ಭಾರತದ್ದಕ್ಕೆ ಐಎನ್‌ಡಿ ಎಂಬ ಅಕ್ಷರಗಳ ಜೊತೆ ಬರುವ ಆ ಸಂಖ್ಯೆಯಿಂದಲೇ ಅದು ಯಾರ ದೋಣಿ, ಯಾವ ವರ್ಗದ್ದು ಎಂಬುದನ್ನು ಪಟ್ಟಿಯಲ್ಲಿ ಹುಡುಕಬಹುದು. ಆ ಸಂಖ್ಯೆ ಉಳಿದಿದ್ದರೆ ಚಿತ್ರ ತಿರುಗಿರುವುದು ತಮ್ಮ ಕಚೇರಿಯಲ್ಲೇ ಯಾರ ಕಣ್ಣಿಗಾದರೂ ಬೀಳುತ್ತಿತ್ತು ಎಂಬುದು ನನ್ನ ನಂಬಿಕೆ.

ನೀರಿನ ಮೇಲಿನಿಂದ ಇಂಥದೊಂದು ಚಿತ್ರ ಹೇಗೆ ಹುಟ್ಟುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಲು ಅನುಮತಿ ಕೊಡಿ. ಅದನ್ನು ತಿಳಿದವರು ಚಿತ್ರವನ್ನು ಕತ್ತರಿಸುವ ಮುನ್ನ ಒಂದು ಕ್ಷಣ ಕೈ ತಡೆಯುತ್ತಾರೆ.

ಇಂಗ್ಲೆಂಡಿನ ದಕ್ಷಿಣ ತೀರಕ್ಕೂ ಐಲ್ ಆಫ್ ವೈಟ್ ದ್ವೀಪಕ್ಕೂ ನಡುವೆ ಇರುವ ಕಿರಿದಾದ ಜಲಸಂಧಿಯ ಹೆಸರು ಸೋಲೆಂಟ್. ದ್ವೀಪದ ಉತ್ತರದ ತುದಿಯಲ್ಲಿ ಕೌಸ್ ಇದೆ. 1826ರ ಆಗಸ್ಟ್ 10ರಂದು ಏಳು ದೋಣಿಗಳು ಅಲ್ಲಿ ಪಂದ್ಯ ನಡೆಸಿದವು. ಇಂದಿನ ಕೌಸ್ ವಾರದ ಮೂಲ ಅದೇ. ಪ್ರತಿ ಆಗಸ್ಟಿನಲ್ಲಿ ನಡೆಯುವ ಆ ವಾರಕ್ಕೆ ಮೊದಲೇ ಋತುವಿನ ಕಾವು ಏರಿರುತ್ತದೆ. 1931ರಲ್ಲಿ ಆರಂಭವಾದ ದ್ವೀಪ ಪ್ರದಕ್ಷಿಣೆಯ ಪಂದ್ಯದಲ್ಲಿ ಬೇಸಿಗೆಯ ಒಂದೇ ದಿನ ನೂರಾರು ದೋಣಿಗಳು, ಕೆಲವು ವರ್ಷ ಸಾವಿರಕ್ಕೂ ಹೆಚ್ಚು ದೋಣಿಗಳು, 50 ನಾಟಿಕಲ್ ಮೈಲಿಗಳ ಸುತ್ತು ಹಾಕುತ್ತವೆ. ಬೆಸ ಸಂಖ್ಯೆಯ ವರ್ಷಗಳಲ್ಲಿ ಐರ್ಲೆಂಡಿನ ಬಳಿಯ ಫಾಸ್ಟ್‌ನೆಟ್ ಬಂಡೆಯನ್ನು ಸುತ್ತಿಬರುವ ದೂರದ ಪಂದ್ಯವೂ ಇಲ್ಲಿಂದಲೇ ಹೊರಡುತ್ತದೆ. ಇವುಗಳ ನಡುವೆ ಕ್ಲಬ್ಬುಗಳ ಪಂದ್ಯಗಳು, ಮಕ್ಕಳ ಪಂದ್ಯಗಳು, ಒಂದೊಂದು ವರ್ಗದ ರಾಷ್ಟ್ರೀಯ ಸ್ಪರ್ಧೆಗಳು ಇರುತ್ತವೆ. ಜೂನ್ ತಿಂಗಳಿನಲ್ಲಿ ಇಲ್ಲಿ ರಾತ್ರಿ ಒಂಬತ್ತರ ತನಕ ಬೆಳಕಿರುವುದರಿಂದ ವಾರದ ನಡುವೆ ಕಚೇರಿ ಬಿಟ್ಟ ಮೇಲೂ ಪಂದ್ಯಗಳು ನಡೆಯುತ್ತವೆ.

ಸೋಲೆಂಟ್ ಅಗಲವಾಗಿ ಕಂಡರೂ ಆರಾಮದ ನೀರಲ್ಲ. ಉಬ್ಬರವಿಳಿತದ ಸೆಳೆತ ಬಲವಾಗಿದ್ದು, ಗಾಳಿ ಒಂದು ಕಡೆಯಿಂದ, ನೀರು ಇನ್ನೊಂದು ಕಡೆಯಿಂದ ಬಂದಾಗ ಗಿಡ್ಡದಾದ, ಕಡಿದಾದ ಅಲೆಗಳು ಏಳುತ್ತವೆ. ನಮ್ಮ ಮರವಂತೆಯ ಮುಂದಿನ ನೀಳವಾದ ತೆರೆಗಳಂತೆ ಅವು ದೋಣಿಯನ್ನು ಎತ್ತಿ ಇಳಿಸುವುದಿಲ್ಲ. ಒಂದರ ಹಿಂದೊಂದು ಬಂದು ಗುದ್ದುತ್ತವೆ. ನಡುವೆ ಬ್ರಾಂಬಲ್ ಎಂಬ ಮರಳುದಿಬ್ಬವಿದೆ. ವರ್ಷದಲ್ಲಿ ಇಳಿತ ಅತಿ ಹೆಚ್ಚಾಗುವ ದಿನ ಅದು ಒಂದು ಗಂಟೆಯಷ್ಟು ಹೊತ್ತು ನೀರಿನಿಂದ ಮೇಲೆ ಬರುತ್ತದೆ, ಆಗ ಎರಡು ಕ್ಲಬ್ಬಿನವರು ಅದರ ಮೇಲೆ ಕ್ರಿಕೆಟ್ ಆಡುತ್ತಾರೆ. ಉಳಿದ ದಿನಗಳಲ್ಲಿ ಅದು ನೀರಿನ ಕೆಳಗೆ ಅಡಗಿದ್ದು, ಗಮನವಿಲ್ಲದವರನ್ನು ಹಿಡಿದು ಕೂರಿಸುತ್ತದೆ. ಸೌತಾಂಪ್ಟನ್ ಬಂದರಿಗೆ ಬರುವ 400 ಮೀಟರ್ ಉದ್ದದ ಕಂಟೇನರ್ ಹಡಗುಗಳೂ ಪ್ರವಾಸಿ ಹಡಗುಗಳೂ ಇದೇ ನೀರಿನಲ್ಲಿ ತಿರುವು ತೆಗೆದುಕೊಳ್ಳಬೇಕು. 150 ಮೀಟರಿಗಿಂತ ಉದ್ದದ ಹಡಗಿನ ಮುಂದೆ 1,000 ಮೀಟರ್, ಎರಡೂ ಪಕ್ಕದಲ್ಲಿ 100 ಮೀಟರ್ ಜಾಗಕ್ಕೆ ಸಣ್ಣ ದೋಣಿಗಳು ಕಾಲಿಡುವಂತಿಲ್ಲ. ಈ ನಿಷೇಧ ಸ್ಪರ್ಧಿಗಳಿಗೆ ಹೇಗೋ ಹಾಗೆಯೇ ಚಿತ್ರ ತೆಗೆಯುವವರಿಗೂ ಅನ್ವಯಿಸುತ್ತದೆ.

ಸೆಳೆತ ಎದುರಾದಾಗ ನೀರಿನ ವೇಗ ಕಡಿಮೆ ಇರುವುದು ದಡದ ಅಂಚಿನಲ್ಲಿ. ಅದಕ್ಕಾಗಿಯೇ ದೋಣಿಗಳು ಕೋಟೆಯ ಮುಂದಿನ ಬಂಡೆಗಳ ತನಕ ಹೋಗಿ, ತಳ ತಾಕುವ ಮುನ್ನ ಹೊರಳಿ, ಹೊರಗೆ ಬಂದು, ಮತ್ತೆ ಒಳಗೆ ಹೋಗುತ್ತವೆ. ಒಳಗೆ ಹೋಗುವವರು ಮತ್ತು ಹೊರಗೆ ಬರುವವರು ನಿಮಿಷಕ್ಕೊಮ್ಮೆ ಎದುರಾಗುತ್ತಾರೆ. ತಾವು ಪ್ರಕಟಿಸಿದ ಚಿತ್ರದ ಕ್ಷಣ ಆಕಸ್ಮಿಕವಾಗಿ ಸಿಕ್ಕಿದ್ದಲ್ಲ. ಆ ದಿನದ ಉಬ್ಬರವಿಳಿತದ ಹೊತ್ತನ್ನು ಹಿಂದಿನ ರಾತ್ರಿಯೇ ನೋಡಿ, ಗಾಳಿಯ ಮುನ್ಸೂಚನೆಯೊಡನೆ ತಾಳೆ ಹಾಕಿ, ಇಂಥ ಹೊತ್ತಿಗೆ ಇಂಥ ಕಡೆ ಎರಡು ದೋಣಿಗಳು ಒಂದನ್ನೊಂದು ದಾಟಲೇಬೇಕಾಗುತ್ತದೆ ಎಂದು ಎಣಿಸಿ ಆ ಛಾಯಾಗ್ರಾಹಕರು ಅಲ್ಲಿ ಬಂದು ಕಾದಿದ್ದರು. ನಾನು ಬಂದದ್ದೂ ಅದೇ ಎಣಿಕೆಯಿಂದ.

ನಾವು ಬಳಸುವುದು ಗಾಳಿ ತುಂಬಿದ ರಬ್ಬರಿನ ಅಂಚುಳ್ಳ, ಗಟ್ಟಿ ತಳದ ಮೋಟಾರು ದೋಣಿ. ಇಲ್ಲಿ ಅದನ್ನು ರಿಬ್ ಎನ್ನುತ್ತಾರೆ. ನಡೆಸುವವರು ಒಬ್ಬರು, ಚಿತ್ರ ತೆಗೆಯುವವರು ಒಬ್ಬರು. ನಡೆಸುವವರ ಕಾಲಿಗೆ ಕಟ್ಟಿದ ಕೆಂಪು ಹಗ್ಗದ ಇನ್ನೊಂದು ತುದಿ ಎಂಜಿನಿನ ಗುಂಡಿಗೆ ಸೇರಿರುತ್ತದೆ. ಅವರು ನೀರಿಗೆ ಬಿದ್ದರೆ ಎಂಜಿನ್ ನಿಲ್ಲುತ್ತದೆ. ನನ್ನ ಜೊತೆಗಾರರು ಮೀನುಗಾರಿಕೆಯಿಂದ ನಿವೃತ್ತರಾದವರು. ಯಾವ ದೋಣಿ ಇನ್ನು ಹತ್ತು ಸೆಕೆಂಡಿನಲ್ಲಿ ಹೊರಳುತ್ತದೆ ಎಂಬುದನ್ನು ಅವರು ಹಾಯಿಯ ಅಂಚಿನ ನಡುಕದಿಂದಲೇ ಹೇಳುತ್ತಾರೆ. ನನ್ನ ಒಳ್ಳೆಯ ಚಿತ್ರಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಅವರು ದೋಣಿ ನಿಲ್ಲಿಸಿದ ಜಾಗದಿಂದ ಬಂದವು.

ಎಲ್ಲಿ ನಿಲ್ಲಬೇಕು ಎಂಬುದೇ ಈ ಕೆಲಸದ ಮುಕ್ಕಾಲು ಪಾಲು. ಗಾಳಿ ಬರುವ ಕಡೆ ನಿಂತರೆ ಅಂಚಿನ ಮೇಲೆ ಸಾಲಾಗಿ ಕುಳಿತ ನಾವಿಕರ ಮುಖಗಳು ಕಾಣುತ್ತವೆ. ಗಾಳಿ ಹೋಗುವ ಕಡೆ ನಿಂತರೆ ಹಾಯಿಯ ಪೂರ್ಣ ಉಬ್ಬು ಕಾಣುತ್ತದೆ, ಮನುಷ್ಯರು ಅದರ ಹಿಂದೆ ಮರೆಯಾಗುತ್ತಾರೆ. ಉತ್ತರಕ್ಕೆ ನೋಡಿದರೆ ಬಿಸಿಲು ನಮ್ಮ ಬೆನ್ನಿನಿಂದ ಬಂದು ಹಾಯಿ ಸುಣ್ಣ ಬಳಿದ ಗೋಡೆಯಂತೆ ಬೆಳ್ಳಗಾಗುತ್ತದೆ. ದಕ್ಷಿಣಕ್ಕೆ ನೋಡಿದರೆ ಬಿಸಿಲು ಹಾಯಿಯ ಹಿಂದಿನಿಂದ ತೂರಿ ಬಟ್ಟೆಯ ಒಂದೊಂದು ಹೊಲಿಗೆಯೂ ತೋರುತ್ತದೆ. ಗಾಳಿಗೆ ಎದುರಾಗಿ ಏರಿ ಬಂದ ದೋಣಿಗಳು ಮೇಲಿನ ತೇಲುಗುರುತನ್ನು ಸುತ್ತಿ, ಬಲೂನಿನಂತೆ ಉಬ್ಬುವ ಸ್ಪಿನ್ನೇಕರ್ ಎಂಬ ಬಣ್ಣದ ಹಾಯಿಯನ್ನು ಎಬ್ಬಿಸುವ ಜಾಗಕ್ಕೆ ಎಲ್ಲರೂ ಆಸೆಪಡುತ್ತಾರೆ. ಆದರೆ ಅಲ್ಲಿ ಸ್ಪರ್ಧಿಗಳ ದಾರಿಗೆ ಅಡ್ಡವಾಗದಂತೆ ನಿಲ್ಲುವುದು ಬಹಳ ಕಷ್ಟ.

ಈ ವಿಷಯದಲ್ಲಿ ನನ್ನದೇ ಒಂದು ತಪ್ಪನ್ನು ಹೇಳಬೇಕು. ಮೂರು ಬೇಸಿಗೆಗಳ ಹಿಂದೆ, ಗಾಳಿ ಬಹಳ ಕಡಿಮೆ ಇದ್ದ ಒಂದು ಬೆಳಿಗ್ಗೆ, ಮುಂದಿನ ಗುರುತಿಗೆ ಬೇಗ ತಲುಪಬೇಕೆಂಬ ಅವಸರದಲ್ಲಿ ನಾನು ನಮ್ಮ ರಿಬ್ ಅನ್ನು ಸ್ವಲ್ಪ ಜೋರಾಗಿ ನಡೆಸುವಂತೆ ಜೊತೆಗಾರರನ್ನು ಒತ್ತಾಯಿಸಿದೆ. ಬೇಡವೆಂದು ಒಮ್ಮೆ ಹೇಳಿದ ಅವರು ನನ್ನ ಮಾತಿಗೆ ಒಪ್ಪಿದರು. ನಾವು ದೂರದಿಂದಲೇ ಹೋದೆವು. ಆದರೆ ನಮ್ಮ ಹಿಂದೆ ಎದ್ದ ಅಲೆ ಒಂದು ನಿಮಿಷದ ಮೇಲೆ, ಎರಡನೆಯ ಸ್ಥಾನದಲ್ಲಿದ್ದ ಸಣ್ಣ ದೋಣಿಯನ್ನು ತಲುಪಿತು. ಹಾಯಿಕಂಬ ಎಡಕ್ಕೂ ಬಲಕ್ಕೂ ತೂಗಾಡಿತು, ಹಾಯಿಯಲ್ಲಿದ್ದ ಅಷ್ಟಿಷ್ಟು ಗಾಳಿಯೂ ಕೊಡವಿಕೊಂಡು ಹೋಯಿತು, ದೋಣಿ ನಿಂತೇ ಬಿಟ್ಟಿತು. ಮೂರನೆಯವರು ಪಕ್ಕದಿಂದ ಸದ್ದಿಲ್ಲದೆ ಮುಂದೆ ಹೋದರು. ಚುಕ್ಕಾಣಿ ಹಿಡಿದಿದ್ದ ಯುವಕ ಬೈಯಲಿಲ್ಲ. ತಿರುಗಿ ನಮ್ಮ ಕಡೆ ಒಮ್ಮೆ ನೋಡಿದನಷ್ಟೆ. ಸಂಜೆ ಅವನನ್ನು ಹುಡುಕಿಕೊಂಡು ಹೋಗಿ ಕ್ಷಮೆ ಕೇಳಿದೆವು. ಆ ನೋಟ ಮಾತ್ರ ಇವತ್ತಿಗೂ ನನ್ನ ಮನಸ್ಸಿನಲ್ಲಿ ಉಳಿದಿದೆ. ಅಂದಿನಿಂದ ಗಾಳಿ ಇಲ್ಲದ ದಿನ ಒಳ್ಳೆಯ ಚಿತ್ರ ತಪ್ಪಿದರೂ ಸರಿ, ಎಂಜಿನ್ ಅನ್ನು ನಡಿಗೆಯ ವೇಗ ಮೀರಿ ಓಡಿಸುವುದಿಲ್ಲ.

ಚಿತ್ರ ತೆಗೆಯುವಾಗ ಮೊಣಕಾಲುಗಳನ್ನು ಸಡಿಲವಾಗಿ ಬಗ್ಗಿಸಿ ನಿಲ್ಲಬೇಕು, ದೇಹ ಕುಣಿದರೂ ಭುಜದ ಮೇಲಿನದು ಕದಲಬಾರದು. ಸೆಕೆಂಡಿನ 1,600ನೆಯ ಒಂದು ಭಾಗಕ್ಕಿಂತ ನಿಧಾನವಾದರೆ ನೀರಿನ ಹನಿಗಳು ಕಲಸಿಹೋಗುತ್ತವೆ. ಬಿಳಿ ಹಾಯಿ ಚೌಕಟ್ಟನ್ನು ತುಂಬಿದಾಗ ಕ್ಯಾಮೆರಾ ಅದನ್ನು ಅತಿಯಾದ ಬೆಳಕೆಂದು ತಿಳಿದು ಕಪ್ಪಾಗಿಸುತ್ತದೆ, ಅದನ್ನು ಕೈಯಾರೆ ತಿದ್ದಬೇಕು. ಇವೆಲ್ಲ ಕಲಿತರೆ ಬರುತ್ತವೆ. ಉಪ್ಪಿನ ಕಾಟ ಮಾತ್ರ ಯಾರಿಗೂ ತಪ್ಪಿದ್ದಲ್ಲ. ಒಂದು ತೆರೆ ಮುಖಕ್ಕೆ ಹೊಡೆದು ಹೋದ ಮೇಲೆ ಲೆನ್ಸಿನ ಗಾಜಿನ ಮೇಲೆ ಹನಿಗಳು ಒಣಗಿ ಬೂದಿಯಂಥ ಪದರವಾಗುತ್ತವೆ. ಒಣಬಟ್ಟೆಯಿಂದ ಉಜ್ಜಿದರೆ ಹರಳುಗಳು ಗಾಜನ್ನು ಗೀರುತ್ತವೆ. ಮೊದಲು ಸಿಹಿನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒತ್ತಿ, ಆಮೇಲೆ ಒಣಬಟ್ಟೆಯಿಂದ ಒರೆಸಬೇಕು. ಜಾಕೆಟ್ಟಿನ ಒಳಜೇಬಿನಲ್ಲಿ ಎದೆಗೆ ಒತ್ತಿಕೊಂಡು ಇಟ್ಟ ನಾಲ್ಕು ಬಟ್ಟೆಗಳಲ್ಲಿ ಮಧ್ಯಾಹ್ನದ ಹೊತ್ತಿಗೆ ಒಂದೂ ಒಣಗಿರುವುದಿಲ್ಲ. ತುಟಿ ನೆಕ್ಕಿದರೆ ಉಪ್ಪು, ರೆಪ್ಪೆಯಲ್ಲಿ ಉಪ್ಪು, ಶಟರ್ ಗುಂಡಿಯ ಸುತ್ತ ಉಪ್ಪು.

ಇದೇ ನೀರಿನಲ್ಲಿ ನಮಗಿಂತ ಬಹಳ ಮೊದಲು ದುಡಿದವರು ಫ್ರಾಂಕ್ ಬೀಕನ್. ಅವರ ತಂದೆ 1888ರಲ್ಲಿ ಕೌಸ್‌ಗೆ ಬಂದು ಔಷಧದ ಅಂಗಡಿ ನಡೆಸುತ್ತಿದ್ದರು. ಮಗ ಗಾಜಿನ ಪ್ಲೇಟುಗಳ ಕಾಲದಲ್ಲಿ ಮರದ ಪೆಟ್ಟಿಗೆಯ ಕ್ಯಾಮೆರಾವೊಂದನ್ನು ತಾವೇ ರೂಪಿಸಿಕೊಂಡರು. ನೋಡುವುದಕ್ಕೆ ಒಂದು ಲೆನ್ಸ್, ಚಿತ್ರಕ್ಕೆ ಒಂದು ಲೆನ್ಸ್. ಎರಡೂ ಕೈ ಪೆಟ್ಟಿಗೆಯನ್ನು ಹಿಡಿಯುವುದಕ್ಕೇ ಬೇಕಾಗಿದ್ದರಿಂದ ಹಲ್ಲುಗಳ ನಡುವೆ ರಬ್ಬರ್ ಚೆಂಡೊಂದನ್ನು ಇಟ್ಟುಕೊಂಡು, ಅದನ್ನು ಕಚ್ಚಿದಾಗ ಶಟರ್ ತೆರೆಯುವಂತೆ ಮಾಡಿಕೊಂಡಿದ್ದರು. ಅವರ ಆ ಚಿತ್ರಗಳನ್ನು ಇಂದು ನೋಡಿದರೂ ಯಾವ ದೋಣಿ, ಯಾವ ವರ್ಷ ಎಂದು ಹೇಳಬಹುದು, ಏಕೆಂದರೆ ಅವರೂ ಅವರ ನಂತರ ಮಗ, ಮೊಮ್ಮಗನೂ ಪ್ರತಿಯೊಂದಕ್ಕೂ ಹೆಸರು ಬರೆದಿಟ್ಟರು. ಅಮೆರಿಕದಲ್ಲಿ ಮಾರಿಸ್ ರೋಸೆನ್‌ಫೆಲ್ಡ್ ಮತ್ತು ಅವರ ಮಕ್ಕಳು ‘ಫೋಟೋ’ ಎಂದೇ ಹೆಸರಿಟ್ಟ ದೋಣಿಯಲ್ಲಿ ಓಡಾಡಿ ತೆಗೆದ ಚಿತ್ರಗಳ ಭಂಡಾರ ಈಗ ಕನೆಕ್ಟಿಕಟ್ ರಾಜ್ಯದ ಮಿಸ್ಟಿಕ್ ಸೀಪೋರ್ಟ್ ವಸ್ತುಸಂಗ್ರಹಾಲಯದಲ್ಲಿದೆ. ಹಳೆಯ ದೋಣಿಗಳನ್ನು ದುರಸ್ತಿ ಮಾಡುವವರು ಹಾಯಿಕಂಬ ಎಷ್ಟು ಬಾಗುತ್ತಿತ್ತು, ಹಗ್ಗ ಎಲ್ಲಿ ಕಟ್ಟುತ್ತಿದ್ದರು ಎಂದು ತಿಳಿಯಲು ಇಂಥ ಚಿತ್ರಗಳ ಮೊರೆ ಹೋಗುತ್ತಾರೆ. ಅವರ ಕೈಗೆ ತಿರುಗಿಸಿದ ಚಿತ್ರ ಸಿಕ್ಕಿದರೆ ಹಗ್ಗ ತಪ್ಪು ಬದಿಗೆ ಬೀಳುತ್ತದೆ.

ನಮ್ಮ ದಿನವೂ ದಡ ಸೇರಿದೊಡನೆ ಮುಗಿಯುವುದಿಲ್ಲ. ತೆಗೆದ ಎರಡು ಸಾವಿರ ಚಿತ್ರಗಳಲ್ಲಿ ಐವತ್ತನ್ನು ಆರಿಸಿ, ಹಾಯಿಯ ಸಂಖ್ಯೆಯನ್ನು ಸ್ಪರ್ಧಿಗಳ ಪಟ್ಟಿಯೊಡನೆ ಹೊಂದಿಸಿ, ದೋಣಿಯ ಹೆಸರು, ವರ್ಗ, ಪಂದ್ಯದ ಯಾವ ಹಂತ, ಯಾವ ಗುರುತಿನ ಬಳಿ ಎಂದು ಒಂದೊಂದಕ್ಕೂ ಬರೆಯುತ್ತೇವೆ. ಕಣ್ಣು ಉರಿಯುತ್ತಿರುತ್ತದೆ, ಅಲೆಯ ತೂಗಾಟ ಕುರ್ಚಿಯಲ್ಲಿ ಕುಳಿತ ಮೇಲೂ ಮೈಯಲ್ಲಿ ಉಳಿದಿರುತ್ತದೆ. ಸುದ್ದಿಸಂಸ್ಥೆಯ ಮೂಲಕ ತಮಗೆ ತಲುಪಿದ ಚಿತ್ರದ ಜೊತೆಯಲ್ಲೂ ಅಂಥ ನಾಲ್ಕು ಸಾಲುಗಳ ವಿವರ ಖಂಡಿತ ಇದ್ದಿರಬೇಕು. ಅದರ ಜಾಗಕ್ಕೆ ಬಂದದ್ದು ‘ಬೇಸಿಗೆಯ ಸೊಬಗು’ ಎಂಬ ಎರಡು ಪದಗಳು. ಛಾಯಾಗ್ರಾಹಕರ ಹೆಸರಂತೂ ಇರಲೇ ಇಲ್ಲ.

‘ವಿಹಾರ ನೌಕೆ’ ಎಂಬ ಮಾತಿನ ಬಗ್ಗೆಯೂ ಒಂದು ವಿನಂತಿ. ಯಾಟ್ ಎಂಬುದಕ್ಕೆ ನಿಘಂಟಿನಲ್ಲಿ ಆ ಅರ್ಥವಿರುವುದು ನಿಜ. ಆದರೆ ಪಂದ್ಯದಲ್ಲಿರುವ ದೋಣಿಯನ್ನು ಹಾಗೆ ಕರೆದಾಗ ಓದುಗರ ಮನಸ್ಸಿಗೆ ಬರುವುದು ಶ್ರೀಮಂತರ ಮೋಜು ಮಾತ್ರ. ಈ ಆಟದಲ್ಲಿ ಹಣವಂತರು ಇದ್ದಾರೆ, ಇಲ್ಲವೆನ್ನುವುದಿಲ್ಲ. ಆದರೆ ನಾನು ನೀರಿನ ಮೇಲೆ ಕಾಣುವವರಲ್ಲಿ ಶಾಲೆಯ ಶಿಕ್ಷಕರು, ಕೊಳಾಯಿ ಕೆಲಸದವರು, ನರ್ಸುಗಳು, ಮೂರು ಮನೆಯವರು ಸೇರಿ ಒಂದು ಹಳೆಯ ದೋಣಿ ಕೊಂಡವರು ಬಹಳ ಮಂದಿ ಇದ್ದಾರೆ. ಒದ್ದೆ ಹಗ್ಗ ಎಳೆದೆಳೆದು ಅಂಗೈಯ ಚರ್ಮ ಸುಲಿದ ಹದಿನಾರರ ಹುಡುಗಿಯೊಬ್ಬಳು, ದೋಣಿ ದಡಕ್ಕೆ ಬಂದ ಮೇಲೆ ಬೆರಳುಗಳನ್ನು ಒಂದೊಂದಾಗಿ ಬಿಡಿಸಿಕೊಳ್ಳುತ್ತಿದ್ದುದನ್ನು ಈ ಸಲವೇ ಕಂಡೆ. ‘ವಿಹಾರ’ ಎಂಬ ಮಾತು ಆ ಕೈಗೆ ಒಪ್ಪುವುದಿಲ್ಲ. ‘ಹಾಯಿದೋಣಿ’, ‘ಹಾಯಿದೋಣಿ ಸ್ಪರ್ಧೆ’ ಎಂದರೆ ಸಾಕು. ಮಂಜಿ, ಮಚವೆಗಳನ್ನು ಹಾಯಿ ಬಿಚ್ಚಿ ನಡೆಸಿದ ಕರಾವಳಿಯ ಭಾಷೆಗೆ ಈ ಪದಗಳು ಹೊಸತಲ್ಲ.

ಕನ್ನಡದ ಓದುಗರಿಗೆ ಇದರಿಂದೇನು ಎಂದು ಯಾರಾದರೂ ಕೇಳಬಹುದು. 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ವರುಣ್ ಠಕ್ಕರ್ ಜೊತೆಗೂಡಿ ಕಂಚು ಗೆದ್ದು, ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಅದೇ ಜೊತೆಗಾರನೊಂದಿಗೆ ಹಾಯಿ ಹಿಡಿದ ಕೆ.ಸಿ. ಗಣಪತಿ ಕೇಳಪಂಡ ಎಂಬ ಕೊಡವ ಮನೆತನದ ಹೆಸರು ಹೊತ್ತವರು. ಅದೇ ಜಕಾರ್ತಾದಲ್ಲಿ ವರ್ಷಾ ಗೌತಮ್ ಜೊತೆ ಬೆಳ್ಳಿ ಗೆದ್ದವರು ಶ್ವೇತಾ ಶೇರ್ವೆಗಾರ್. ಆ ಹೆಸರು ಕೇಳಿದರೆ ನಮ್ಮ ಕುಂದಾಪುರ, ಉಡುಪಿ ಕಡೆಯವರಿಗೆ ಮನೆಯ ಹೆಸರು ಕೇಳಿದಂತಾಗುತ್ತದೆ. ಬೆಂಗಳೂರಿನ ಹಲಸೂರು ಕೆರೆಯಲ್ಲಿ ಮದ್ರಾಸ್ ಸ್ಯಾಪರ್ಸ್ ಸೈನಿಕರು ಹಾಯಿ ಅಭ್ಯಾಸ ಮಾಡುವುದನ್ನು ಆ ದಾರಿಯಲ್ಲಿ ಓಡಾಡುವವರು ನೋಡಿರುತ್ತಾರೆ. ನೇತ್ರಾ ಕುಮನನ್ ಮತ್ತು ಸೇನೆಯ ವಿಷ್ಣು ಸರವಣನ್ ಎರಡೆರಡು ಒಲಿಂಪಿಕ್ಸ್‌ಗಳಲ್ಲಿ ಸ್ಪರ್ಧಿಸಿದ್ದಾರೆ. ಇವರ ಚಿತ್ರಗಳು ತಮ್ಮ ಕಚೇರಿಗೆ ಮುಂದೆಯೂ ಬರುತ್ತವೆ. ಹುಸೇನ್ ಸಾಗರದ ಮಳೆಗಾಳಿಯಲ್ಲಾಗಲಿ, ಮುಂಬಯಿಯ ಬಂದರಿನಲ್ಲಾಗಲಿ, ಆ ಚಿತ್ರಗಳನ್ನು ತೆಗೆಯುವವರೂ ನಮ್ಮಂತೆಯೇ ಯಾವುದೋ ಸಣ್ಣ ದೋಣಿಯಲ್ಲಿ ಒದ್ದೆಯಾಗಿ ನಿಂತವರು. ಅವನ್ನಾದರೂ ಬಂದ ದಿಕ್ಕಿನಲ್ಲೇ, ಹಾಯಿಯ ತುದಿಯ ತನಕ, ತೆಗೆದವರ ಹೆಸರಿನೊಂದಿಗೆ ಅಚ್ಚು ಹಾಕಬೇಕೆಂದು ಕೇಳಿಕೊಳ್ಳುತ್ತೇನೆ. ನಿಂತ ಚಿತ್ರಕ್ಕೆ ಪುಟದಲ್ಲಿ ಉದ್ದದ ಜಾಗ ಸಿಗದಿದ್ದರೆ ಚಿಕ್ಕದಾಗಿ ಹಾಕಿ. ಎರಡು ಕಾಲಂ ಅಗಲದಲ್ಲಿ ಪೂರ್ತಿಯಾಗಿ ಬಂದ ಹಾಯಿ, ನಾಲ್ಕು ಕಾಲಂ ಅಗಲದಲ್ಲಿ ತಲೆ ಕತ್ತರಿಸಿದ ಹಾಯಿಗಿಂತ ಎಷ್ಟೋ ಮೇಲು. ಅನುಮಾನ ಬಂದಾಗ ವಿಚಾರಿಸುವುದಕ್ಕೆ ಯಾರಾದರೂ ಬೇಕಿದ್ದರೆ, ನನ್ನ ವಿಳಾಸವನ್ನು ಈ ಪತ್ರದೊಂದಿಗೆ ಪ್ರತ್ಯೇಕವಾಗಿ ಕಳುಹಿಸಿದ್ದೇನೆ. ನಡುರಾತ್ರಿಯಾದರೂ ಉತ್ತರಿಸುತ್ತೇನೆ.

ಕೊನೆಯದಾಗಿ, ಕಳೆದ ವಾರದ ಚಿತ್ರಕ್ಕೆ ಒಂದು ತಿದ್ದುಪಡಿ ಪ್ರಕಟಿಸಬೇಕೆಂದು ಪ್ರಾರ್ಥಿಸುತ್ತೇನೆ. ಚಿತ್ರವನ್ನು ಸರಿಯಾದ ದಿಕ್ಕಿನಲ್ಲಿ, ಅಂಗೈಯಗಲದಷ್ಟು ಜಾಗದಲ್ಲಿ ಹಾಕಿದರೂ ಸಾಕು. ಅದರ ಕೆಳಗೆ, ಮೂತಿಯ ಮೇಲೆ 3 ಎಂದಿರುವ ದೋಣಿ ನಿಯಮದಂತೆ ದಾರಿ ಬಿಡುತ್ತಿದೆ ಎಂದು ಒಂದು ಸಾಲು ಬರಲಿ. ಆ ಮಹಿಳೆಗೆ ಕನ್ನಡ ಬರುವುದಿಲ್ಲ. ಆದರೂ ಆ ಪುಟವನ್ನು ಮುಂದಿನ ಶನಿವಾರ ಬಂದರಿನಲ್ಲಿ ಅವರ ಕೈಗೆ ಕೊಟ್ಟು, ಏನು ಬರೆದಿದೆ ಎಂದು ಓದಿ ಹೇಳುವ ಆಸೆ ನನಗಿದೆ.

ಇತಿ ತಮ್ಮ ವಿಶ್ವಾಸಿ,
ಕುಂದಾಪುರ ಮೂಲದ ಓದುಗರು
ಸೌತಾಂಪ್ಟನ್, ಇಂಗ್ಲೆಂಡ್